‘ಗ್ಯಾಸ್ ಖಾಲಿ’ ಅಂದ ತಕ್ಷಣ ಹ್ಞೂಂ ಅನ್ನಬೇಡಿ: ಕಾರಿನ ಎಸಿ ಕಾಯಿಲೆ ಹಿಡಿಯೋದು ಹೇಗೆ?

ಕಾರಿನ ಎಸಿ ತಣ್ಣಗಾಗ್ತಿಲ್ಲ ಅಂತ ಗ್ಯಾರೇಜಿಗೆ ಹೋದರೆ ಮೊದಲು ಕಿವಿಗೆ ಬೀಳೋ ಮಾತು ಬಹುತೇಕ ಒಂದೇ: ‘ಗ್ಯಾಸ್ ಖಾಲಿಯಾಗಿದೆ ಸರ್, ತುಂಬಿಸ್ಬೇಕು.’ ನಾವು ಹ್ಞೂಂ ಅಂತೀವಿ. ಗ್ಯಾಸ್ ತುಂಬಿಸ್ತಾರೆ, ತಣ್ಣನೆ ಗಾಳಿ ಬರುತ್ತೆ, ದುಡ್ಡು ಕೊಟ್ಟು ಖುಷಿಯಾಗಿ ಮನೆಗೆ ಬರ್ತೀವಿ. ಮುಂದಿನ ಬೇಸಿಗೆಗೆ ಮತ್ತೆ ಅದೇ ಗ್ಯಾರೇಜು, ಅದೇ ಮಾತು, ಅದೇ ಬಿಲ್ಲು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ. ಗ್ಯಾಸ್ ಖಾಲಿಯಾಗಿದ್ದು ಹೇಗೆ? ಎಸಿಯ ಗ್ಯಾಸು ಪೆಟ್ರೋಲಿನ ಥರ ಉರಿದು ಖರ್ಚಾಗೋ ವಸ್ತು ಅಲ್ಲ. ಮುಚ್ಚಿದ ಪೈಪುಗಳೊಳಗೆ ಸುತ್ತು ಹೊಡೀತಾ ಇರುತ್ತೆ, ಅಷ್ಟೇ. ರಬ್ಬರ್ ಹೋಸು, ಸೀಲುಗಳ ಮೂಲಕ ವರ್ಷಗಟ್ಟಲೆ ಕಾಲದಲ್ಲಿ ಸ್ವಲ್ಪ ಜಿನುಗೋದು ಸಹಜ. ಆದರೆ ಕಳೆದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ. ಸೋರೋ ಜಾಗ ಹುಡುಕದೆ ಗ್ಯಾಸ್ ತುಂಬಿಸೋದು, ತಳ ತೂತಾದ ಕೊಡಕ್ಕೆ ನೀರು ಹೊಯ್ದ ಹಾಗೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಸರ್ವರ್ ಪದೇ ಪದೇ ಬೀಳ್ತಿದ್ರೆ ಬರೀ ರೀಸ್ಟಾರ್ಟ್ ಮಾಡಿ ಕೈ ತೊಳ್ಕೊಳ್ಳೋಕಾಗಲ್ಲ. ಲಾಗ್ ತೆಗೆದು ಕಾರಣ ಹುಡುಕ್ತೀವಿ. ಕಾರಿನ ಎಸಿಗೂ ಅದೇ ನಿಯಮ.

ಊರಲ್ಲಿರೋ ಕಾರಿಗೆ ಇದು ಇನ್ನೂ ಮುಖ್ಯ

ಬೆಂಗಳೂರಲ್ಲಿ ಒಂದು ಗ್ಯಾರೇಜ್ ಸರಿ ಹೋಗಲಿಲ್ಲ ಅಂದ್ರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ಸಿಗುತ್ತೆ. ಸೊರಬ ತಾಲ್ಲೂಕಿನ ನಮ್ಮ ಕುಪ್ಪಗಡ್ಡೆ ಕಡೆ ಹಾಗಲ್ಲ. ಪಂಕ್ಚರ್ ಹಾಕೋರು, ಬೈಕ್ ರಿಪೇರಿಯವರು ಹತ್ತಿರದಲ್ಲೇ ಸಿಗಬಹುದು. ಎಸಿ ಮಷಿನ್ ಇಟ್ಟವರನ್ನ ಹುಡುಕಿಕೊಂಡು ಸೊರಬ, ಶಿರಾಳಕೊಪ್ಪ, ಶಿಕಾರಿಪುರ, ಕೆಲವು ಸಲ ಸಾಗರ, ಶಿವಮೊಗ್ಗದ ತನಕ ಹೋಗಬೇಕು. ಹೋಗಿ ಬರೋಕೆ ಅರ್ಧ ದಿನ, ಡೀಸೆಲ್ ಬೇರೆ. ಅಷ್ಟು ದೂರ ಹೋದ ಮೇಲೆ ‘ಬರೀ ಗ್ಯಾಸ್ ಹಾಕಿದ್ದೀವಿ, ನೋಡಿ’ ಅನ್ನಿಸ್ಕೊಂಡು ಬಂದ್ರೆ ನಷ್ಟ.

ಊರಲ್ಲಿ ಕಾರು ಬಳಸೋರು ಬಹಳ ಸಲ ನಮ್ಮ ಅಪ್ಪ–ಅಮ್ಮಂದಿರು. ಏಪ್ರಿಲ್ ಮಧ್ಯಾಹ್ನ ಚೆಕಪ್‌ಗೆ ಶಿವಮೊಗ್ಗಕ್ಕೆ ಹೊರಟ ವಯಸ್ಸಾದವರಿಗೆ ಎಸಿ ಶೋಕಿಯಲ್ಲ. ವಯಸ್ಸಾದಂತೆ ಬೆವರಿ ಮೈ ತಣ್ಣಗೆ ಮಾಡ್ಕೊಳ್ಳೋ ಶಕ್ತಿ ಕಮ್ಮಿಯಾಗುತ್ತೆ. ಬಿಪಿಗೆ ಅಂತ ಮೂತ್ರ ಹೆಚ್ಚು ಮಾಡೋ ಮಾತ್ರೆ ತಗೊಳ್ಳೋರಿಗೆ ಸೆಖೆಯಲ್ಲಿ ನಿರ್ಜಲೀಕರಣದ ಅಪಾಯವೂ ಜಾಸ್ತಿ. ಹಾಗಾಗಿ ಕಾಯಿಲೆ ಏನು ಅಂತ ಗ್ಯಾರೇಜಿಗೆ ಹೋಗೋ ಮುಂಚೆಯೇ ಒಂದು ಅಂದಾಜು ಸಿಕ್ಕಿದ್ರೆ ದುಡ್ಡೂ ಉಳಿಯುತ್ತೆ, ಓಡಾಟವೂ ಉಳಿಯುತ್ತೆ.

ಒಳಗೆ ನಡೆಯೋದು ಇಷ್ಟೇ

ಕೈಗೆ ಸ್ಯಾನಿಟೈಸರ್ ಹಾಕ್ಕೊಂಡಾಗ ತಣ್ಣಗನ್ನಿಸುತ್ತಲ್ಲ, ಯಾಕೆ? ಅದು ಆವಿಯಾಗುವಾಗ ಚರ್ಮದ ಬಿಸಿಯನ್ನ ಎಳ್ಕೊಂಡು ಹೋಗುತ್ತೆ. ಎಸಿ ಮಾಡೋದೂ ಅದನ್ನೇ, ಮತ್ತೆ ಮತ್ತೆ.

ಇಂಜಿನ್ ಬೆಲ್ಟಿನಿಂದ ತಿರುಗೋ ಕಂಪ್ರೆಸರ್ ಗ್ಯಾಸನ್ನ ಒತ್ತಿ ಬಿಸಿ ಮಾಡುತ್ತೆ. ಆ ಬಿಸಿ ಗ್ಯಾಸು ಕಾರಿನ ಮುಂಭಾಗದಲ್ಲಿ, ರೇಡಿಯೇಟರ್ ಮುಂದೆ ಇರೋ ಕಂಡೆನ್ಸರಿಗೆ ಬರುತ್ತೆ. ಅಲ್ಲಿ ಹೊರಗಿನ ಗಾಳಿ ತಗುಲಿ ತಣಿದು ದ್ರವವಾಗುತ್ತೆ. ದಾರಿಯಲ್ಲಿ ಡ್ರೈಯರ್ ಅನ್ನೋ ಭಾಗ ನೀರಿನ ಪಸೆಯನ್ನ ಹೀರಿಕೊಳ್ಳುತ್ತೆ. ಆಮೇಲೆ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ಕಂಡಿ ದಾಟುತ್ತಲೇ ಒತ್ತಡ ದಿಢೀರ್ ಇಳಿದು ದ್ರವ ಕುದಿಯೋಕೆ ಶುರುವಾಗುತ್ತೆ. ಕುದಿಯೋ ಜಾಗವೇ ಡ್ಯಾಶ್‌ಬೋರ್ಡ್ ಒಳಗಿನ ಇವ್ಯಾಪರೇಟರ್, ಅಂದ್ರೆ ಕೂಲಿಂಗ್ ಕಾಯಿಲ್. ಅದರ ಮೇಲೆ ಬ್ಲೋವರ್ ಗಾಳಿ ಹಾಯಿಸಿದ್ರೆ ನಮ್ಮ ಮುಖಕ್ಕೆ ತಂಪು.

‘ಕುದಿಯೋದು ಅಂದ್ರೆ ಬಿಸಿ ಅಲ್ವಾ?’ ಅಂತ ಕೇಳಬಹುದು. ಬಹಳಷ್ಟು ಕಾರುಗಳಲ್ಲಿರೋ ಆರ್-134ಎ ಗ್ಯಾಸು ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತೆ. ಅದಕ್ಕೇ ಅದು ಬೇಸಿಗೆ ಗಾಳಿಯಿಂದಲೂ ಬಿಸಿ ಕಸಿದುಕೊಳ್ಳಬಲ್ಲದು.

ಈ ಸರಪಳಿಯಲ್ಲಿ ಗ್ಯಾಸು ಒಂದು ಕೊಂಡಿ ಮಾತ್ರ. ಬೆಲ್ಟು, ಕಂಪ್ರೆಸರ್ ಕ್ಲಚ್ಚು, ಕಂಡೆನ್ಸರ್ ಮುಂದಿನ ಫ್ಯಾನು, ಸೆನ್ಸರು, ಫ್ಯೂಸು, ರಿಲೇ, ಬ್ಲೋವರ್, ಫಿಲ್ಟರ್ ಇವುಗಳಲ್ಲಿ ಯಾವುದು ಕೈಕೊಟ್ಟರೂ ಸೀಟಲ್ಲಿ ಕೂತವರಿಗೆ ಗೊತ್ತಾಗೋದು ಒಂದೇ: ಎಸಿ ತಣ್ಣಗಾಗ್ತಿಲ್ಲ.

ಗ್ಯಾರೇಜಿಗೆ ಮುಂಚೆ ಹತ್ತು ನಿಮಿಷ

ಇದಕ್ಕೆ ಪಾನಾ, ಸ್ಕ್ರೂಡ್ರೈವರ್ ಏನೂ ಬೇಡ. ಊರಲ್ಲಿ ಅಪ್ಪ ಇದ್ದು ನೀವು ಬೆಂಗಳೂರಲ್ಲಿದ್ರೆ ವಿಡಿಯೊ ಕಾಲ್‌ನಲ್ಲೂ ಮಾಡಿಸಬಹುದು. ಕಾರು ಬಯಲಲ್ಲಿರಲಿ, ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬಾನೆಟ್ ತೆಗೆದಾಗ ಬೆಲ್ಟು, ಫ್ಯಾನಿನ ಹತ್ತಿರ ಕೈ, ಪಂಚೆ, ಸೆರಗು ಹೋಗದ ಹಾಗೆ ನೋಡ್ಕೊಳ್ಳಿ. ಫ್ಯಾನು ತಾನಾಗೇ ಯಾವಾಗ ಬೇಕಾದ್ರೂ ತಿರುಗಬಹುದು.

1. ಕಮ್ಮಿ ಇರೋದು ಗಾಳಿಯೋ, ತಂಪೋ? ಮೊದಲ ಪ್ರಶ್ನೆ ಇದೇ ಆಗಿರಲಿ. ಬ್ಲೋವರ್ ಪೂರ್ತಿ ಇಟ್ಟರೂ ಗಾಳಿ ಜೋರಾಗಿ ಬರ್ತಿಲ್ಲ ಅಂದ್ರೆ ಗ್ಯಾಸಿನ ತಂಟೆಗೇ ಹೋಗಬೇಡಿ. ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ. ಬಹಳ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸ್ ಹಿಂದೆ ಇರುತ್ತೆ, ಕೈಯಲ್ಲೇ ತೆಗೀಬಹುದು.

2. ‘ಟಕ್’ ಸದ್ದು ಬರುತ್ತಾ? ಒಬ್ಬರು ಒಳಗೆ ಕೂತು ಎಸಿ ಬಟನ್ ಒತ್ತಲಿ. ‘ಅಪ್ಪಾ, ಟಕ್ ಅಂತ ಸದ್ದು ಬಂತಾ, ಮುಂದಿನ ಫ್ಯಾನ್ ತಿರುಗ್ತಾ ಇದ್ಯಾ ನೋಡು’ ಅಂತ ಕೇಳಿ. ಟಕ್ ಅಂದ್ರೆ ಕಂಪ್ರೆಸರಿನ ಕ್ಲಚ್ ಹಿಡೀತು ಅಂತ. ಸದ್ದೇ ಇಲ್ಲ ಅಂದ್ರೆ ಫ್ಯೂಸು, ರಿಲೇ, ವೈರು ಅಥವಾ ತೀರಾ ಕಮ್ಮಿಯಾದ ಗ್ಯಾಸು ಕಾರಣ ಇರಬಹುದು. ಗ್ಯಾಸು ಬಹಳ ಇಳಿದಾಗ ಪ್ರೆಷರ್ ಸ್ವಿಚ್ಚು ಕಂಪ್ರೆಸರನ್ನ ಉಳಿಸೋಕೆ ಅದನ್ನ ಆನ್ ಆಗೋಕೇ ಬಿಡಲ್ಲ. ಕ್ಲಚ್ಚೇ ಇಲ್ಲದ ಕಂಪ್ರೆಸರ್ ಇರೋ ಕೆಲವು ಹೊಸ ಕಾರುಗಳಲ್ಲಿ ಮಾತ್ರ ಈ ಸದ್ದು ಇರಲ್ಲ.

3. ನಿಂತಾಗಲೋ, ಓಡುವಾಗಲೋ? ರಸ್ತೆಯಲ್ಲಿ ಓಡುವಾಗ ತಣ್ಣಗಿದ್ದು, ಸಿಗ್ನಲ್ಲಲ್ಲಿ, ರೈಲ್ವೆ ಗೇಟಲ್ಲಿ ನಿಂತಾಗ ಬಿಸಿಯಾದ್ರೆ ಮೊದಲ ಅನುಮಾನ ಮುಂದಿನ ಫ್ಯಾನಿನ ಮೇಲೆ, ಇಲ್ಲವೇ ಕೆಸರು ಕಟ್ಟಿದ ಕಂಡೆನ್ಸರ್ ಮೇಲೆ. ಓಡುವಾಗ ಗಾಳಿ ತಾನಾಗೇ ನುಗ್ಗುತ್ತೆ, ನಿಂತಾಗ ಫ್ಯಾನೇ ಗತಿ.

4. ಥರ್ಮಾಮೀಟರ್ ಏನು ಹೇಳುತ್ತೆ? ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಇದ್ರೆ ಮಧ್ಯದ ಗಾಳಿ ಕಿಂಡಿಗೆ ಇಡಿ. ಒಳಗಿನ ಗಾಳಿಯೇ ಸುತ್ತೋ ಬಟನ್ ಹಾಕಿ, ಗ್ಲಾಸ್ ಏರಿಸಿ, ಐದ್ಹತ್ತು ನಿಮಿಷ ಬಿಡಿ. ಚೆನ್ನಾಗಿರೋ ಎಸಿ ರಸ್ತೆಯಲ್ಲಿ ಓಡುವಾಗ ಸಾಮಾನ್ಯವಾಗಿ 5ರಿಂದ 10 ಡಿಗ್ರಿ ಆಸುಪಾಸಿನ ಗಾಳಿ ಕೊಡುತ್ತೆ. ನಿಂತಲ್ಲಿ, ಸುಡುಬಿಸಿಲಲ್ಲಿ ಇದಕ್ಕಿಂತ ಕೆಲವು ಡಿಗ್ರಿ ಜಾಸ್ತಿ ಇದ್ರೆ ಗಾಬರಿ ಬೇಡ.

ಲಕ್ಷಣ ನೋಡಿ ಕಾರಣ ಊಹಿಸಿ

• ಬ್ಲೋವರ್ 1, 2, 3ರಲ್ಲಿ ಓಡಲ್ಲ, 4ರಲ್ಲಿ ಮಾತ್ರ ಓಡುತ್ತೆ: ಗುಂಡಿ ತಿರುಗಿಸೋ ಹಳೇ ಮಾದರಿಯ ಎಸಿಗಳಲ್ಲಿ ಇದು ಬಹುತೇಕ ಬ್ಲೋವರ್ ರೆಸಿಸ್ಟರ್ ಸುಟ್ಟಿರೋ ಲಕ್ಷಣ. ಗ್ಯಾಸಿಗೂ ಇದಕ್ಕೂ ಸಂಬಂಧವೇ ಇಲ್ಲ.

• ಮೊದಲು ತಣ್ಣಗೆ ಬಂದು, ಅರ್ಧ ಗಂಟೆಯಾದ ಮೇಲೆ ಗಾಳಿಯೇ ಕಮ್ಮಿಯಾಗುತ್ತೆ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಸರಿ ಹೋಗುತ್ತೆ: ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ತಿದೆ. ತಾಪಮಾನದ ಸೆನ್ಸರ್ ಅಥವಾ ಕಟ್ಟಿಕೊಂಡ ಫಿಲ್ಟರ್ ಕಾರಣ ಇರಬಹುದು.

• ಕಂಪ್ರೆಸರ್ ಟಕ್–ಟಕ್ ಅಂತ ಕೆಲವೇ ಸೆಕೆಂಡಿಗೊಮ್ಮೆ ಹಿಡಿದು ಬಿಡುತ್ತೆ: ಗ್ಯಾಸ್ ನಿಜವಾಗಲೂ ಕಮ್ಮಿ ಇರೋ ಸಾಧ್ಯತೆ ಇದೆ.

• ಪೈಪ್ ಜಾಯಿಂಟಲ್ಲಿ ಎಣ್ಣೆ ಪಸೆ, ಅದರ ಮೇಲೆ ಧೂಳು ಮೆತ್ತಿದೆ: ಸೋರಿಕೆಯ ಒಳ್ಳೇ ಸುಳಿವು. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತಿರುತ್ತೆ, ಗ್ಯಾಸ್ ಹೊರಬಂದ ಕಡೆ ಎಣ್ಣೆ ಗುರುತು ಬಿಡುತ್ತೆ.

• ಕಂಪ್ರೆಸರ್ ಓಡ್ತಿದೆ, ಪೈಪೂ ತಣ್ಣಗಿದೆ, ಒಳಗೆ ಮಾತ್ರ ಬಿಸಿ ಗಾಳಿ: ಹೀಟರ್ ಕಡೆಯ ಫ್ಲಾಪ್ ಸಿಕ್ಕಿಕೊಂಡಿರಬಹುದು.

• ಮುಂದಿನ ಸೀಟಿನ ಕಾಲ್ದೆಸೆ ಮ್ಯಾಟ್ ಒದ್ದೆ: ಎಸಿ ನೀರು ಹೊರಹೋಗೋ ಪೈಪ್ ಕಟ್ಟಿದೆ. ಕಾರಿನ ಅಡಿ ತೊಟ್ಟಿಕ್ಕೋ ಶುದ್ಧ ನೀರು ಮಾತ್ರ ತಪ್ಪೇನಲ್ಲ, ಎಸಿ ಕೆಲಸ ಮಾಡ್ತಿದೆ ಅನ್ನೋದಕ್ಕೆ ಅದು ಸಾಕ್ಷಿ.

• ಒದ್ದೆ ಬಟ್ಟೆಯಂಥ ಮುಗ್ಗಲು ವಾಸನೆ: ಕಾಯಿಲ್ ಮೇಲೆ ಬೂಸ್ಟು. ಊರು ಮುಟ್ಟೋಕೆ ಐದು ನಿಮಿಷ ಇರುವಾಗ ಎಸಿ ಆಫ್ ಮಾಡಿ ಬರೀ ಬ್ಲೋವರ್ ಓಡಿಸಿ. ಕಾಯಿಲ್ ಒಣಗುತ್ತೆ, ವಾಸನೆ ಮತ್ತೆ ಹುಟ್ಟೋದು ತಪ್ಪುತ್ತೆ.

• ಇಂಜಿನ್ ಬಿಸಿ ಮುಳ್ಳು ಮೇಲೇರಿದಾಗ ಎಸಿ ತಾನಾಗೇ ನಿಂತುಬಿಡುತ್ತೆ: ಇಂಜಿನ್ ಉಳಿಸೋಕೆ ಕಾರೇ ಎಸಿಯನ್ನ ಕಟ್ ಮಾಡ್ತಿದೆ. ಎಸಿ ಬಿಟ್ಟು ಮೊದಲು ಕೂಲೆಂಟ್, ರೇಡಿಯೇಟರ್ ತೋರಿಸಿ.

ಹಳ್ಳಿ ಕಾರಿನ ಕಾಯಿಲೆಗಳೇ ಬೇರೆ

ಆಫೀಸಿನ ಬೇಸ್‌ಮೆಂಟಲ್ಲಿ ನಿಲ್ಲೋ ಕಾರಿಗೂ, ಊರಲ್ಲಿ ಕೊಟ್ಟಿಗೆ ಪಕ್ಕ ಅಥವಾ ಹುಲ್ಲಿನ ಬಣವೆ ಹತ್ತಿರ ನಿಲ್ಲೋ ಕಾರಿಗೂ ವ್ಯತ್ಯಾಸ ಇದೆ.

ಮೊದಲನೇ ಶತ್ರು ಇಲಿ. ಬ್ಲೋವರಿಗೆ ಗಾಳಿ ಬರೋ ದಾರಿಯಲ್ಲಿ ಹುಲ್ಲು, ಚಿಂದಿ ತಂದು ಗೂಡು ಕಟ್ಟುತ್ತೆ. ಕಂಪ್ರೆಸರಿನ, ಸೆನ್ಸರಿನ ವೈರ್ ಕಡಿಯುತ್ತೆ. ಎಸಿ ಇದ್ದಕ್ಕಿದ್ದ ಹಾಗೆ ಪೂರ್ತಿ ನಿಂತರೆ, ಅದೂ ಕಾರು ನಾಲ್ಕೈದು ದಿನ ನಿಂತ ಮೇಲೆ, ಬಾನೆಟ್ ತೆಗೆದು ಹಿಕ್ಕೆ, ಕಡಿದ ವೈರು ಇದೆಯಾ ಅಂತ ಮೊದಲು ನೋಡಿ. ಎರಡಡಿ ವೈರಲ್ಲಿ ಮುಗಿಯೋ ರಿಪೇರಿಗೆ ಗ್ಯಾಸಿನ ಬಿಲ್ ಯಾಕೆ?

ಎರಡನೇದು ಹೊಟ್ಟು ಮತ್ತು ಧೂಳು. ಭತ್ತ, ಮೆಕ್ಕೆಜೋಳದ ಒಕ್ಕಣೆ ಕಾಲದಲ್ಲಿ ಕಣದ ಪಕ್ಕ ನಿಂತ ಕಾರಿನ ಫಿಲ್ಟರ್ ಬಿಚ್ಚಿದ್ರೆ ನಿಮಗೇ ಗೊತ್ತಾಗುತ್ತೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಎಬ್ಬಿಸಿದ ಕೆಸರು ಕಂಡೆನ್ಸರಿನ ಸಣ್ಣ ಸಣ್ಣ ರೆಕ್ಕೆಗಳ ನಡುವೆ ಕೂತು ಬೇಸಿಗೆಗೆ ಗಟ್ಟಿಯಾಗಿರುತ್ತೆ. ಇಂಜಿನ್ ತಣ್ಣಗಿದ್ದಾಗ ಪೈಪಿನ ನೀರನ್ನ ಮೆಲ್ಲಗೆ ಬಿಟ್ಟು ತೊಳೀಬಹುದು. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಷರ್ ನೀರನ್ನ ಹತ್ತಿರದಿಂದ ಹೊಡೆಸಬೇಡಿ, ರೆಕ್ಕೆಗಳು ಮಡಚಿಕೊಂಡು ಗಾಳಿ ದಾರಿಯೇ ಮುಚ್ಚಿಹೋಗುತ್ತೆ.

ಮೂರನೇದು, ಬಳಸದೇ ಇರೋದು. ‘ಚಳಿಗಾಲದಲ್ಲಿ ಎಸಿ ಯಾಕೆ?’ ಅಂತ ತಿಂಗಳುಗಟ್ಟಲೆ ಹಾಕದೇ ಇದ್ರೆ ಕಂಪ್ರೆಸರಿನ ಸೀಲಿಗೆ ಎಣ್ಣೆ ತಲುಪದೆ ಒಣಗುತ್ತೆ, ಸೋರಿಕೆ ಅಲ್ಲಿಂದಲೇ ಶುರುವಾಗಬಹುದು. ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸೋಕೆ ಅಪ್ಪನಿಗೆ ಹೇಳಿ. ಆ ಹತ್ತು ನಿಮಿಷದ ಇಂಧನಕ್ಕಿಂತ ಸೀಲು ದುಬಾರಿ.

ಗ್ಯಾಸ್ ಕಮ್ಮಿ ಅಂತ ಖಚಿತವಾದ್ರೆ?

ಇಲ್ಲಿಂದ ಮುಂದೆ ಕೆಲಸ ಮೆಕ್ಯಾನಿಕ್‌ದು, ಆದರೆ ಪ್ರಶ್ನೆ ಕೇಳೋದು ನಿಮ್ಮ ಹಕ್ಕು. ಸರಿಯಾದ ಕ್ರಮ ಹೀಗಿರುತ್ತೆ.

ಮೊದಲು ಗೇಜ್ ಹಾಕಿ ಒತ್ತಡ ನೋಡ್ತಾರೆ. ಆರ್-134ಎ ಇರೋ ಕಾರಲ್ಲಿ, 30–35 ಡಿಗ್ರಿ ಬಿಸಿಲಲ್ಲಿ, ಎಸಿ ಓಡ್ತಿರುವಾಗ ಕಮ್ಮಿ ಒತ್ತಡದ ಕಡೆ ಸುಮಾರು 25ರಿಂದ 45 ಪಿಎಸ್‌ಐ, ಹೆಚ್ಚು ಒತ್ತಡದ ಕಡೆ 150ರಿಂದ 250 ಪಿಎಸ್‌ಐ ತೋರಿಸೋದು ಸಾಮಾನ್ಯ. ಎರಡೂ ಕಡೆ ಕಮ್ಮಿ ಇದ್ರೆ ಗ್ಯಾಸ್ ಕಮ್ಮಿ ಇರಬಹುದು. ಎರಡೂ ಕಡೆ ಜಾಸ್ತಿ ಇದ್ರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಕಂಡೆನ್ಸರ್ ತಣಿಯುತ್ತಿಲ್ಲ. ಕಮ್ಮಿ ಇರಬೇಕಾದ ಕಡೆ ಜಾಸ್ತಿ, ಜಾಸ್ತಿ ಇರಬೇಕಾದ ಕಡೆ ಕಮ್ಮಿ ಇದ್ರೆ ಕಂಪ್ರೆಸರ್ ಬಲ ಕಳ್ಕೊಂಡಿದೆ ಅನ್ನೋ ಅನುಮಾನ. ಎಸಿ ಆಫ್ ಇದ್ದಾಗಿನ ಒತ್ತಡ ನೋಡಿ ಗ್ಯಾಸ್ ಎಷ್ಟಿದೆ ಅಂತ ಹೇಳೋಕಾಗಲ್ಲ. ಒಳಗೆ ಸ್ವಲ್ಪ ದ್ರವ ಉಳಿದಿದ್ರೂ ಒತ್ತಡ ಹೊರಗಿನ ಬಿಸಿಗೆ ತಕ್ಕಂತೆ ಅಷ್ಟೇ ತೋರಿಸುತ್ತೆ.

ಅದಕ್ಕೇ ಅಸಲಿ ಸಾಕ್ಷಿ ತೂಕ. ರಿಕವರಿ ಮಷಿನ್ ಇದ್ದರೆ ಒಳಗಿರೋ ಗ್ಯಾಸನ್ನ ಹೊರಗೆಳೆದು ಎಷ್ಟು ಗ್ರಾಂ ಅಂತ ತೋರಿಸುತ್ತೆ. ನಿಮ್ಮ ಕಾರಿಗೆ ಎಷ್ಟು ಬೇಕು ಅನ್ನೋದು ಬಾನೆಟ್ ಕೆಳಗಿನ ಸ್ಟಿಕ್ಕರಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಇರುತ್ತೆ. ಬಹಳಷ್ಟು ಸಣ್ಣ ಕಾರುಗಳಿಗೆ ಅರ್ಧ ಕೆ.ಜಿ. ಆಸುಪಾಸು ಸಾಕು. 450 ಗ್ರಾಂ ಬೇಕಾದ ಕಾರಿಂದ 430 ಗ್ರಾಂ ಹೊರಬಂದ್ರೆ ತೊಂದರೆ ಗ್ಯಾಸಲ್ಲಿ ಇಲ್ಲ. 150 ಗ್ರಾಂ ಮಾತ್ರ ಬಂದ್ರೆ ಸೋರಿಕೆ ಹುಡುಕಲೇಬೇಕು.

ಹುಡುಕೋ ದಾರಿಗಳೂ ಗೊತ್ತಿರಲಿ. ಪೈಪುಗಳಿಗೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತಾ ನೋಡೋದು, ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡೋದು, ಬಣ್ಣ ಸೇರಿಸಿ ಅಲ್ಟ್ರಾವಯಲೆಟ್ ಬೆಳಕಲ್ಲಿ ಹುಡುಕೋದು, ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಹಿಡಿಯೋದು. ಬಹಳ ಸಲ ಸಿಗೋದು ಒಂದು ರಬ್ಬರ್ ಓ-ರಿಂಗು, ಕಲ್ಲು ಬಡಿದ ಕಂಡೆನ್ಸರ್, ಇಲ್ಲವೇ ಕ್ಯಾಪ್ ಕಳೆದುಹೋದ ಸರ್ವಿಸ್ ವಾಲ್ವ್. ಇವ್ಯಾಪರೇಟರೇ ಸೋರ್ತಿದ್ರೆ ಖರ್ಚು ಜಾಸ್ತಿ, ಏಕೆಂದ್ರೆ ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಅದಕ್ಕೇ ‘ಇವ್ಯಾಪರೇಟರ್ ಹೋಗಿದೆ’ ಅಂದಾಗ ಸೋರಿಕೆಯ ಗುರುತು ತೋರಿಸಿ ಅಂತ ಕೇಳಿ.

ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಮಾಡಲೇಬೇಕು. ಒತ್ತಡ ಇಳಿಸಿದಷ್ಟೂ ನೀರು ಬೇಗ ಕುದಿಯುತ್ತೆ, ಹಾಗಾಗಿ ಪಂಪು ಅರ್ಧ ಗಂಟೆ ಓಡಿದ್ರೆ ಒಳಗಿನ ಗಾಳಿ, ನೀರಿನ ಪಸೆ ಎರಡೂ ಹೋಗುತ್ತೆ. ಪಂಪ್ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಮುಳ್ಳು ಅಲ್ಲಾಡದೆ ನಿಂತರೆ ಒಳ್ಳೇ ಲಕ್ಷಣ. ಕೊನೆಗೆ ತೂಕ ಹಾಕಿ, ಸ್ಟಿಕ್ಕರಲ್ಲಿ ಇರೋಷ್ಟೇ ಗ್ಯಾಸು. ‘ಸ್ವಲ್ಪ ಜಾಸ್ತಿ ಹಾಕಿ, ಚೆನ್ನಾಗಿ ತಣ್ಣಗಾಗ್ಲಿ’ ಅನ್ನೋದು ಅಪಾಯ. ಗ್ಯಾಸ್ ಹೆಚ್ಚಾದ್ರೆ ತಂಪು ಕಮ್ಮಿಯಾಗುತ್ತೆ, ಕಂಪ್ರೆಸರ್ ಮೇಲೂ ಹೊರೆ ಬೀಳುತ್ತೆ. ಅಗ್ಗ ಅಂತ ಅಡುಗೆ ಅನಿಲದಂಥ ಹೊತ್ತಿಕೊಳ್ಳೋ ಗ್ಯಾಸ್ ಹಾಕೋರಿದ್ರೆ ಅಲ್ಲಿಂದ ಎದ್ದು ಬನ್ನಿ.

‘ಕಂಪ್ರೆಸರ್ ಬದಲಾಯಿಸ್ಬೇಕು’ ಅಂದಾಗ

ಇದು ಬಿಲ್ಲಿನಲ್ಲಿ ದೊಡ್ಡ ಸಾಲು. ಹ್ಞೂಂ ಅನ್ನೋ ಮುಂಚೆ ಮೂರು ಪ್ರಶ್ನೆ ಕೇಳಿ.

ಕ್ಲಚ್ಚಿಗೆ ಕರೆಂಟ್ ಬರ್ತಿದೆಯಾ ಅಂತ ಮೀಟರ್ ಇಟ್ಟು ನೋಡಿದ್ರಾ? ಕರೆಂಟೇ ಬರದಿದ್ರೆ ಕಂಪ್ರೆಸರ್ ತಪ್ಪಲ್ಲ. ಹಾಳಾಗಿರೋದು ಕ್ಲಚ್ಚು, ಬೇರಿಂಗ್ ಮಾತ್ರಾನಾ? ಬಹಳ ಮಾದರಿಗಳಲ್ಲಿ ಅವನ್ನ ಬಿಡಿಯಾಗಿ ಬದಲಾಯಿಸಬಹುದು. ಕಂಪ್ರೆಸರ್ ಒಳಗೇ ಪುಡಿಯಾಗಿದ್ರೆ ಪೈಪುಗಳನ್ನ ಫ್ಲಶ್ ಮಾಡಿ, ಡ್ರೈಯರ್ ಹೊಸದು ಹಾಕ್ತೀರಾ? ಲೋಹದ ಚೂರು ಒಳಗೇ ಉಳಿದ್ರೆ ಹೊಸ ಕಂಪ್ರೆಸರೂ ಬೇಗ ಹೋಗುತ್ತೆ. ಚೂರು ಕಂಡೆನ್ಸರಿಗೆ ಹೋಗಿದ್ರೆ ಅದನ್ನೂ ಬದಲಾಯಿಸಬೇಕಾಗಬಹುದು.

ವರ್ಷ ವರ್ಷ ಬರೀ ಗ್ಯಾಸ್ ತುಂಬಿಸ್ಕೊಂಡು ಹೋಗೋದರ ಅಸಲಿ ನಷ್ಟವೂ ಇಲ್ಲೇ ಇದೆ. ಗ್ಯಾಸ್ ಕಮ್ಮಿಯಾದಾಗ ಅದರ ಜೊತೆ ಬರಬೇಕಾದ ಎಣ್ಣೆಯೂ ಕಂಪ್ರೆಸರಿಗೆ ಸರಿಯಾಗಿ ಮರಳಲ್ಲ. ಚಿಕ್ಕದೊಂದು ಓ-ರಿಂಗಿನ ಸೋರಿಕೆ ಮೂರ್ನಾಲ್ಕು ಬೇಸಿಗೆಯಲ್ಲಿ ಕಂಪ್ರೆಸರನ್ನೇ ನುಂಗಬಹುದು.

ಆ ಅರ್ಧ ಕೆ.ಜಿ. ಗಾಳಿಗೆ ಹೋದ್ರೆ

ಹಳೇ ಕಾರುಗಳಲ್ಲಿದ್ದ ಆರ್-12 ಗ್ಯಾಸು ಓಝೋನ್ ಪದರ ಹಾಳು ಮಾಡುತ್ತೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತ ಹಂತವಾಗಿ ಕೈಬಿಟ್ಟರು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನ್‌ಗೆ ತೊಂದರೆ ಕೊಡಲ್ಲ. ಆದರೆ ಭೂಮಿ ಬಿಸಿ ಮಾಡೋದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 1400 ಪಟ್ಟು ಜೋರು. ಅರ್ಧ ಕೆ.ಜಿ. ಸೋರಿಹೋದ್ರೆ 700 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು. ಅಂದ್ರೆ ಹೆಚ್ಚುಕಮ್ಮಿ 300 ಲೀಟರ್ ಪೆಟ್ರೋಲ್ ಸುಟ್ಟ ಲೆಕ್ಕ. ಲೀಟರಿಗೆ 15 ಕಿ.ಮೀ. ಕೊಡೋ ಕಾರಲ್ಲಿ 4500 ಕಿ.ಮೀ. ಓಡಿದ ಹಾಗೆ. ಇಂಥ ಗ್ಯಾಸುಗಳನ್ನೂ ಕಮ್ಮಿ ಮಾಡ್ಬೇಕು ಅಂತ 2016ರಲ್ಲಿ ಕಿಗಾಲಿ ತಿದ್ದುಪಡಿ ಆಯ್ತು, ಭಾರತ 2021ರಲ್ಲಿ ಅದನ್ನ ಅನುಮೋದಿಸಿತು. ಹಾಗಾಗಿ ಪೈಪ್ ಬಿಚ್ಚಿ ‘ಉಸ್’ ಅಂತ ಗಾಳಿಗೆ ಬಿಡೋ ಗ್ಯಾರೇಜಿಗಿಂತ, ಮಷಿನ್ನಿಂದ ಹೊರಗೆಳೆಯೋ ಗ್ಯಾರೇಜ್ ಆರಿಸಿ.

ಮಳೆಗಾಲಕ್ಕೂ ಬೇಕು ಎಸಿ

ನಮ್ಮ ಕಡೆ ಜೂನ್ ನಂತರ ಎಸಿಯ ಕೆಲಸ ತಂಪಿಗಿಂತ ಹೆಚ್ಚಾಗಿ ಗ್ಲಾಸಿಗೆ. ಒಳಗೆ ಮಂಜು ಕಟ್ಟಿದಾಗ ಎಸಿ ಹಾಕಿ, ಹೊರಗಿನ ಗಾಳಿ ಬರೋ ಬಟನ್ ಇಟ್ಟು, ಗಾಳಿಯನ್ನ ಗ್ಲಾಸಿನ ಕಡೆ ತಿರುಗಿಸಿ. ಎಸಿ ಗಾಳಿಯ ತೇವ ಹೀರಿಕೊಳ್ಳುತ್ತೆ. ಚಳಿಯಾದ್ರೆ ಎಸಿ ಆನ್ ಇಟ್ಟುಕೊಂಡೇ ಬಿಸಿ ಕಡೆ ತಿರುಗಿಸಬಹುದು. ಮಂಜು ಗ್ಲಾಸಿನ ಹೊರಗೆ ಕಟ್ಟಿದ್ರೆ ಒಳಗೆ ಅತಿಯಾಗಿ ತಣ್ಣಗಾಗಿದೆ ಅಂತ. ವೈಪರ್ ಹಾಕಿ, ತಂಪು ಕಮ್ಮಿ ಮಾಡಿ.

ಇನ್ನೊಂದು ಮಾತು ಮನೆಯವರಿಗೆಲ್ಲ ಹೇಳಿ. ಮದುವೆಮನೆ, ಜಾತ್ರೆ ಅಂತ ಹೋದಾಗ ನಿಂತ ಕಾರಲ್ಲಿ ಇಂಜಿನ್, ಎಸಿ ಹಾಕಿ ಗ್ಲಾಸ್ ಏರಿಸಿ ಮಲಗೋದು ಬೇಡವೇ ಬೇಡ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ರೆ ವಾಸನೆಯೂ ಬರಲ್ಲ, ಎಚ್ಚರವೂ ಆಗಲ್ಲ.

ಫೋನಲ್ಲಿ ಒಂದು ಪುಟ್ಟ ನೋಟ್ ಇಟ್ಟುಕೊಳ್ಳಿ: ತಾರೀಖು, ಕಿಲೋಮೀಟರ್, ಎಷ್ಟು ಗ್ರಾಂ ಗ್ಯಾಸು ಹೊರಬಂತು, ಎಷ್ಟು ಹಾಕಿದ್ರು, ಏನು ಬದಲಾಯಿಸಿದ್ರು, ಕಿಂಡಿಯ ತಾಪಮಾನ ಎಷ್ಟಿತ್ತು. ಬಿಲ್ಲಲ್ಲಿ ಬರೀ ‘ಎಸಿ ವರ್ಕ್’ ಅಂತ ಬರೆದ್ರೆ ಈ ವಿವರ ಬರೆಸ್ಕೊಳ್ಳಿ, ಬದಲಾಯಿಸಿದ ಹಳೇ ಭಾಗ ಕೇಳಿ ತಗೊಳ್ಳಿ. ಮುಂದಿನ ಸಲ ಯಾರಾದ್ರೂ ‘ಗ್ಯಾಸ್ ಖಾಲಿ’ ಅಂದ್ರೆ ಆ ನೋಟ್ ತೆಗೆದು ಕೇಳಿ: ‘ಹೋದ ಏಪ್ರಿಲಲ್ಲಿ 450 ಗ್ರಾಂ ಹಾಕಿಸಿದ್ದೀನಣ್ಣಾ, ಎಲ್ಲಿ ಸೋರಿದೆ ತೋರಿಸಿ.’